ಬೆನ್ನುಹುರಿಯ ಒತ್ತಡ: ಮೂಲ ಪತ್ತೆಯಾಗದ ಕ್ಯಾನ್ಸರ್‌ನಲ್ಲಿ ಚಿಕಿತ್ಸೆ

ಎಲ್ಲೋ ಹುಟ್ಟಿದ ಕ್ಯಾನ್ಸರ್ ಬೆನ್ನೆಲುಬಿಗೆ ಹರಡಿ, ಅಲ್ಲಿ ಬೆಳೆದ ಗಡ್ಡೆಯೋ ಕುಸಿದ ಮೂಳೆಯ ಚೂರೋ ಬೆನ್ನುಹುರಿಯನ್ನು ಅದುಮುವ ಸ್ಥಿತಿ ಇದು. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಹುಪಾಲು ನಿರ್ಧಾರಗಳಿಗೆ ವಾರಗಳ ಬಿಡುವಿರುತ್ತದೆ. ಗಂಟೆಗಳಲ್ಲಿ ತೀರ್ಮಾನವಾಗಬೇಕಾದ ತುರ್ತುಗಳು ಕೆಲವೇ. ಅವುಗಳಲ್ಲಿ ಇದು ಮೊದಲ ಸಾಲಿನದು. ಕ್ಯಾನ್ಸರ್ ರೋಗಿಗಳಲ್ಲಿ ನೂರಕ್ಕೆ ಸುಮಾರು 3ರಿಂದ 5 ಮಂದಿ ಒಂದಲ್ಲ ಒಂದು ಹಂತದಲ್ಲಿ ಇದಕ್ಕೆ ತುತ್ತಾಗುತ್ತಾರೆ. ಶ್ವಾಸಕೋಶ, ಸ್ತನ ಮತ್ತು ಪ್ರಾಸ್ಟೇಟ್ ಕ್ಯಾನ್ಸರ್‌ಗಳು ಇದರ ದೊಡ್ಡ ಪಾಲಿಗೆ ಕಾರಣ. ಮೂತ್ರಪಿಂಡದ ಕ್ಯಾನ್ಸರ್, ಲಿಂಫೋಮಾ ಮತ್ತು ಮೈಲೋಮಾ ಅವುಗಳ ಹಿಂದೆ ಬರುತ್ತವೆ.

ಕ್ಯಾನ್ಸರ್ ಇದೆಯೆಂದು ಮೊದಲೇ ತಿಳಿದಿರುವ ರೋಗಿಯಲ್ಲಿ ಬೆನ್ನುನೋವು ಕಾಣಿಸಿಕೊಂಡರೆ ಎಚ್ಚರಗೊಳ್ಳುವವರು ಇರುತ್ತಾರೆ. ತೊಡಕಿರುವುದು ಕಾಲು ಸೋತ ಮೇಲೆಯೇ ಕ್ಯಾನ್ಸರ್‌ನ ಸುದ್ದಿ ಕೇಳುವವರಲ್ಲಿ. ಸ್ಕಾಟ್ಲೆಂಡಿನಲ್ಲಿ 1998-99ರಲ್ಲಿ 319 ರೋಗಿಗಳನ್ನು ಗಮನಿಸಿ, 2002ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶೇ. 23 ಮಂದಿಗೆ ಬೆನ್ನುಹುರಿಯ ಒತ್ತಡವೇ ಕ್ಯಾನ್ಸರ್‌ನ ಮೊದಲ ಗುರುತಾಗಿತ್ತು. ಇವರೆಲ್ಲರೂ ‘ಮೂಲ ಪತ್ತೆಯಾಗದ ಕ್ಯಾನ್ಸರ್’ ಎಂಬ ಗುಂಪಿಗೆ ಸೇರುವುದಿಲ್ಲ. ಹುಡುಕಿದರೆ ಹಲವರಲ್ಲಿ ಮೂಲ ಸಿಗುತ್ತದೆ. ಸ್ಕ್ಯಾನ್, ರಕ್ತಪರೀಕ್ಷೆ ಮತ್ತು ಬಯಾಪ್ಸಿಗಳೆಲ್ಲ ಮುಗಿದ ಮೇಲೂ ರೋಗ ಎಲ್ಲಿಂದ ಹೊರಟಿತೆಂದು ಹೇಳಲಾಗದಿದ್ದಾಗ ಮಾತ್ರ ಆ ಹೆಸರು ಸಲ್ಲುತ್ತದೆ. ಎಲ್ಲ ಕ್ಯಾನ್ಸರ್‌ಗಳಲ್ಲಿ ಇಂಥವು ಶೇ. 2ರಿಂದ 5ರಷ್ಟು, ಪರೀಕ್ಷಾ ವಿಧಾನಗಳು ಸುಧಾರಿಸಿದಂತೆ ಈ ಪಾಲು ಇಳಿಯುತ್ತಿದೆ. ಸತ್ತ ಮೇಲೆ ಶವಪರೀಕ್ಷೆ ನಡೆಸಿದ ಪ್ರಕರಣಗಳಲ್ಲಿ ಸುಮಾರು ಮುಕ್ಕಾಲು ಪಾಲಿನಲ್ಲಿ ಮೂಲ ಸಿಕ್ಕಿದೆ. ಹೆಚ್ಚಾಗಿ ಶ್ವಾಸಕೋಶದಲ್ಲಿ ಇಲ್ಲವೇ ಮೇದೋಜೀರಕ ಗ್ರಂಥಿಯಲ್ಲಿ, ಬದುಕಿದ್ದಾಗ ಯಾವ ಸ್ಕ್ಯಾನಿಗೂ ಕಾಣದಷ್ಟು ಚಿಕ್ಕ ಗಂಟಾಗಿ ಅದು ಅಡಗಿರುತ್ತದೆ.

ಈ ರೋಗದ ಚಿಕಿತ್ಸೆಯ ಇಕ್ಕಟ್ಟೆಲ್ಲ ಒಂದೇ ಕಡೆ ಇದೆ. ಕ್ಯಾನ್ಸರ್ ಚಿಕಿತ್ಸೆ ಸಾಮಾನ್ಯವಾಗಿ ರೋಗದ ಹೆಸರು ಕೇಳಿಕೊಂಡು ಶುರುವಾಗುತ್ತದೆ. ಬೆನ್ನುಹುರಿಗೆ ಅಷ್ಟು ಹೊತ್ತು ಕಾಯುವ ತಾಳ್ಮೆಯಿಲ್ಲ. ಆದ್ದರಿಂದ ಹುರಿಯನ್ನು ಉಳಿಸುವ ಕೆಲಸವೂ ಮೂಲವನ್ನು ಹುಡುಕುವ ಕೆಲಸವೂ ಜೊತೆಜೊತೆಯಲ್ಲಿ ನಡೆಯಬೇಕು. ಎರಡರಲ್ಲಿ ಒಂದನ್ನು ಆರಿಸಲೇಬೇಕಾದರೆ ಹುರಿಗೇ ಮೊದಲ ಮಣೆ.

ಹುರಿ ನಲುಗುವ ಬಗೆ

ವಯಸ್ಕರಲ್ಲಿ ಬೆನ್ನುಹುರಿಯ ಉದ್ದ ಸುಮಾರು 45 ಸೆಂಟಿಮೀಟರ್. ಅದು ಸೊಂಟದ ಮೊದಲ ಅಥವಾ ಎರಡನೆಯ ಕಶೇರುಮಣಿಯ ಮಟ್ಟದಲ್ಲಿ ಮುಗಿಯುತ್ತದೆ. ಅದರ ಕೆಳಗೆ ಕುದುರೆಬಾಲದಂತೆ ಇಳಿಬಿದ್ದ ನರಬೇರುಗಳಷ್ಟೇ ಇರುತ್ತವೆ. ಒತ್ತಡದ ಪ್ರಕರಣಗಳಲ್ಲಿ ಶೇ. 60ರಷ್ಟು ಎದೆಯ ಮಟ್ಟದಲ್ಲಿ, ಶೇ. 30ರಷ್ಟು ಸೊಂಟ ಮತ್ತು ತ್ರಿಕದಲ್ಲಿ, ಉಳಿದ ಶೇ. 10ರಷ್ಟು ಕುತ್ತಿಗೆಯಲ್ಲಿ ಕಾಣುತ್ತವೆ. ಎದೆಯ ಭಾಗದಲ್ಲಿ ಮಣಿಗಳ ಸಂಖ್ಯೆ ಹೆಚ್ಚು, ನಾಳ ಕಿರಿದು, ರಕ್ತಪೂರೈಕೆಯೂ ತೆಳು. ಹೀಗಾಗಿ ಪೆಟ್ಟು ಅಲ್ಲೇ ಜಾಸ್ತಿ.

ಕ್ಯಾನ್ಸರ್ ಕಣಗಳು ಬೆನ್ನೆಲುಬನ್ನು ಇಷ್ಟು ಸಲೀಸಾಗಿ ತಲುಪುವುದು ಹೇಗೆಂಬುದಕ್ಕೆ ಅಮೆರಿಕದ ಅಂಗರಚನಾ ತಜ್ಞ ಆಸ್ಕರ್ ಬ್ಯಾಟ್ಸನ್ 1940ರಲ್ಲಿ ಒಂದು ವಿವರಣೆ ಕೊಟ್ಟರು. ಅವರು ಶವಗಳಲ್ಲಿ ಶಿಶ್ನದ ಅಭಿಧಮನಿಯೊಳಕ್ಕೆ ಬಣ್ಣದ ದ್ರವ ಹಾಯಿಸಿ, ಅದು ಬೆನ್ನೆಲುಬಿನ ಸುತ್ತಲಿನ ಅಭಿಧಮನಿಗಳ ಬಲೆಯನ್ನು ತುಂಬುವುದನ್ನು ತೋರಿಸಿದರು. ಈ ಬಲೆಯ ನಾಳಗಳಲ್ಲಿ ಕವಾಟಗಳಿಲ್ಲ. ಕೆಮ್ಮಿದಾಗ, ತಿಣುಕಿದಾಗ ಹೊಟ್ಟೆಯೊಳಗಿನ ಒತ್ತಡ ಏರಿ ರಕ್ತ ಹಿಮ್ಮುಖವಾಗಿ ಹರಿಯಬಲ್ಲದು. ಅದರೊಂದಿಗೆ ಪ್ರಾಸ್ಟೇಟ್‌ನಂಥ ಅಂಗದ ಕಣಗಳು ಶ್ವಾಸಕೋಶವನ್ನು ಹಾಯದೆಯೇ ನೇರವಾಗಿ ಕಶೇರುಮಣಿಗೆ ಬರಬಹುದು. ಅಪಧಮನಿಗಳ ದಾರಿಯೂ ಮುಖ್ಯವೆಂದು ಇಂದು ಒಪ್ಪಲಾಗಿದೆ. ಕೆಂಪು ಮಜ್ಜೆ ತುಂಬಿದ ಕಶೇರುಮಣಿಗೆ ರಕ್ತ ಹೇರಳವಾಗಿ ಹರಿಯುತ್ತದೆ.

ಬಹುತೇಕ ಸಂದರ್ಭಗಳಲ್ಲಿ ಗಡ್ಡೆ ಬೇರೂರುವುದು ಮಣಿಯ ಮುಂಭಾಗದ ದಪ್ಪ ಮೂಳೆಯಲ್ಲಿ. ಅಲ್ಲಿಂದ ಹಿಂದಕ್ಕೆ ಚಾಚಿ, ಹುರಿಯನ್ನು ಸುತ್ತಿದ ಗಟ್ಟಿಪೊರೆಯ ಹೊರಗಿನ ಎಡೆಯನ್ನು ತುಂಬುತ್ತದೆ. ಲಿಂಫೋಮಾದಂಥ ಕೆಲವು ಗಡ್ಡೆಗಳು ಮೂಳೆಯನ್ನು ಮುಟ್ಟದೆ ನರಗಳು ಹೊರಬರುವ ರಂಧ್ರಗಳ ಮೂಲಕವೇ ಒಳನುಸುಳುತ್ತವೆ. ಹುರಿ ಒಮ್ಮೆಲೇ ಜಜ್ಜಿಹೋಗುವುದು ಅಪರೂಪ. ಗೋಡೆ ತೆಳುವಾದ ಅಭಿಧಮನಿಗಳು ಮೊದಲು ಅದುಮಿಕೊಳ್ಳುತ್ತವೆ, ರಕ್ತ ಹಿಂದಿರುಗಲಾರದೆ ನಿಲ್ಲುತ್ತದೆ, ನಾಳಗಳಿಂದ ನೀರು ಒಸರಿ ಹುರಿ ಬಾತುಕೊಳ್ಳುತ್ತದೆ. ಈ ಬಾವಿನ ಹಂತದಲ್ಲಿ ಒತ್ತಡ ತೆಗೆದರೆ ಕಾಲುಗಳಿಗೆ ಶಕ್ತಿ ಮರಳುತ್ತದೆ. ಮುಂದುವರಿಯಲು ಬಿಟ್ಟರೆ ಅಪಧಮನಿಯ ರಕ್ತವೂ ನಿಂತು ನರತಂತುಗಳು ಸಾಯುತ್ತವೆ. ಆಮೇಲೆ ಯಾವ ಕೈಚಳಕವೂ ಫಲಿಸುವುದಿಲ್ಲ. ಲಕ್ವ ವಾರಗಟ್ಟಲೆ ನಿಧಾನವಾಗಿ ಬಂದವರಿಗೆ ಚಿಕಿತ್ಸೆಯ ಫಲ ಚೆನ್ನಾಗಿರುವುದಕ್ಕೂ, ಒಂದೆರಡು ದಿನಗಳಲ್ಲಿ ಕಾಲು ಕಳೆದುಕೊಂಡವರಿಗೆ ಅದು ಕಡಿಮೆಯಿರುವುದಕ್ಕೂ ಕಾರಣ ಇಲ್ಲಿದೆ: ಮೊದಲಿನವರಲ್ಲಿ ಬಾವು, ಎರಡನೆಯವರಲ್ಲಿ ರಕ್ತ ನಿಂತ ನರಗಳ ಸಾವು.

ನೋವು ಮುಂದೆ, ಲಕ್ವ ಹಿಂದೆ

ನೂರರಲ್ಲಿ 90ಕ್ಕೂ ಹೆಚ್ಚು ರೋಗಿಗಳಿಗೆ ಮೊದಲು ಬರುವುದು ನೋವು. ಕಾಲಿನ ಸೋಲಿಗಿಂತ ವಾರಗಳು, ಎಷ್ಟೋ ಸಲ ಎರಡು ತಿಂಗಳು ಮುಂಚೆಯೇ ಅದು ಶುರುವಾಗಿರುತ್ತದೆ. ಸಾಮಾನ್ಯ ಬೆನ್ನುನೋವು ಮಲಗಿದರೆ ತಗ್ಗುತ್ತದೆ. ಈ ನೋವು ಮಲಗಿದರೆ ಏರುತ್ತದೆ, ರಾತ್ರಿ ಎಬ್ಬಿಸುತ್ತದೆ, ಕೆಮ್ಮಿದರೆ ಸೀನಿದರೆ ಚುಚ್ಚುತ್ತದೆ. ಎದೆಯ ಮಟ್ಟದ ಗಡ್ಡೆಯಾದರೆ ಬೆನ್ನಿನಿಂದ ಪಕ್ಕೆಗಳ ಸುತ್ತ ಪಟ್ಟಿ ಬಿಗಿದಂತೆ ಹರಡುತ್ತದೆ. ಆಮೇಲೆ ಕಾಲು ಭಾರವಾಗುತ್ತದೆ, ಮೆಟ್ಟಿಲು ಹತ್ತಲು ತ್ರಾಸ, ಕುಳಿತಲ್ಲಿಂದ ಏಳಲು ಕೈ ಊರಬೇಕು, ಚಪ್ಪಲಿ ಕಾಲಿನಿಂದ ಜಾರಿದ್ದು ಗೊತ್ತಾಗುವುದಿಲ್ಲ. ಜೋಮು ಪಾದದಿಂದ ಮೇಲೇರುತ್ತದೆ. ಮೂತ್ರ ಕಟ್ಟುವುದು, ಮಲಬದ್ಧತೆ, ಹಿಡಿತ ತಪ್ಪುವುದು ಕೊನೆಗೆ ಬರುವ ಲಕ್ಷಣಗಳು. ಅವು ಬರಲಿ ನೋಡೋಣ ಎಂದು ಕೂತರೆ ಕೆಲಸ ಕೆಟ್ಟಿತು.

ಸ್ಕಾಟ್ಲೆಂಡಿನ ಅದೇ ಸಮೀಕ್ಷೆ ಹೇಳುವುದೂ ಇದನ್ನೇ. ನೋವು ಶುರುವಾದದ್ದಕ್ಕೂ ರೋಗ ಪತ್ತೆಯಾದದ್ದಕ್ಕೂ ನಡುವೆ ಸುಮಾರು ಮೂರು ತಿಂಗಳು ಕಳೆದಿದ್ದವು. ಪತ್ತೆಯಾಗುವ ಹೊತ್ತಿಗೆ ಶೇ. 82 ಮಂದಿ ನಡೆಯಲಾರದ ಅಥವಾ ಇನ್ನೊಬ್ಬರ ಆಸರೆಯಿಲ್ಲದೆ ನಡೆಯಲಾರದ ಸ್ಥಿತಿಯಲ್ಲಿದ್ದರು. ವ್ಯವಸ್ಥಿತ ಆರೋಗ್ಯಸೇವೆಯಿರುವ ದೇಶದ ಮಾತಾಯಿತು ಇದು. ನಮ್ಮಲ್ಲಿ ನೋವಿನ ಇಂಜೆಕ್ಷನ್, ‘ಡಿಸ್ಕ್’ ಎಂಬ ಸಮಾಧಾನ, ಎಣ್ಣೆ ತಿಕ್ಕಿಸುವುದು, ಬೆನ್ನು ತುಳಿಸುವುದು ಇವೆಲ್ಲ ನಡುವೆ ಬರುತ್ತವೆ. ಗಡ್ಡೆ ತಿಂದು ಟೊಳ್ಳಾದ ಮಣಿಯ ಮೇಲೆ ಬಲವಾಗಿ ಅದುಮಿದರೆ ಅದು ಕುಸಿಯಬಹುದು. 50 ದಾಟಿದವರಲ್ಲಿ ಹೊಸದಾಗಿ ಬಂದು ವಾರಗಟ್ಟಲೆ ಬಿಡದೆ ಏರುತ್ತಿರುವ ಬೆನ್ನುನೋವನ್ನು, ಅದರಲ್ಲೂ ಮೇಲ್ಬೆನ್ನಿನದನ್ನು, ಮಸಾಜಿನ ವಿಷಯವೆಂದು ತಿಳಿಯುವುದು ಸಲ್ಲದು.

ಪತ್ತೆ

ಎಕ್ಸ್‌ರೇ ಇಲ್ಲಿ ಮೋಸ ಮಾಡುತ್ತದೆ. ಮೂಳೆಯ ಖನಿಜಾಂಶ ಮೂರನೇ ಒಂದು ಪಾಲಿನಿಂದ ಅರ್ಧದಷ್ಟು ಕರಗುವವರೆಗೂ ಅದರಲ್ಲಿ ಏನೂ ಕಾಣದಿರಬಹುದು. ಬೇಕಿರುವುದು ಎಂಆರ್‌ಐ, ಅದೂ ಕುತ್ತಿಗೆಯಿಂದ ತ್ರಿಕದವರೆಗೆ ಇಡೀ ಬೆನ್ನಿನದು. ನೋವಿರುವ ಜಾಗಕ್ಕೂ ಗಡ್ಡೆಯಿರುವ ಜಾಗಕ್ಕೂ ಹಲವು ಮಣಿಗಳ ಅಂತರವಿರಬಹುದು. ಒಂದಕ್ಕಿಂತ ಹೆಚ್ಚು ಕಡೆ ಒತ್ತಡವಿರುವವರೂ ಕಡಿಮೆಯಿಲ್ಲ. ಖರ್ಚು ಉಳಿಸಲೆಂದು ಸೊಂಟದ ಎಂಆರ್‌ಐ ಮಾತ್ರ ಮಾಡಿಸಿ, ಎದೆಯ ಮಟ್ಟದ ಗಡ್ಡೆ ಕೈತಪ್ಪುವುದು ವೈದ್ಯರಿಗೆಲ್ಲ ಪರಿಚಿತವಾದ ಎಡವಟ್ಟು. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆಯಾದ ನೈಸ್ 2008ರಲ್ಲಿ ಈ ರೋಗಕ್ಕೆಂದೇ ಮಾರ್ಗಸೂಚಿ ತಂದಿತು. 2023ರಲ್ಲಿ ಅದನ್ನು ಹೊಸದಾಗಿ ಬರೆಯಿತು. ಒತ್ತಡದ ಲಕ್ಷಣಗಳಿದ್ದರೆ 24 ಗಂಟೆಯೊಳಗೆ ಎಂಆರ್‌ಐ ಆಗಬೇಕೆಂಬುದು ಅದರ ನಿಲುವು. ಪೇಸ್‌ಮೇಕರ್‌ನಂಥ ಕಾರಣಗಳಿಂದ ಎಂಆರ್‌ಐ ಆಗದವರಿಗೆ ಸಿ.ಟಿ. ಮೈಲೋಗ್ರಾಮ್ ಉಂಟು.

ಭಾರತದಲ್ಲಿ ಇನ್ನೊಂದು ಗೊಂದಲವಿದೆ. ಕಶೇರುಮಣಿ ಕುಸಿದು ಕಾಲು ಸೋತರೆ ನಮ್ಮ ವೈದ್ಯರಿಗೆ ಮೊದಲು ನೆನಪಾಗುವುದು ಕ್ಷಯ. ಬೆನ್ನೆಲುಬಿನ ಕ್ಷಯವನ್ನು 1779ರಲ್ಲಿ ವಿವರಿಸಿದ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಅವರ ಹೆಸರಿನಿಂದಲೇ ಅದು ಪಾಟ್ಸ್ ರೋಗ ಎನಿಸಿಕೊಂಡಿದೆ. ಕ್ಷಯ ಸಾಮಾನ್ಯವಾಗಿ ಎರಡು ಮಣಿಗಳ ನಡುವಿನ ಡಿಸ್ಕನ್ನೂ ತಿನ್ನುತ್ತದೆ, ಪಕ್ಕದಲ್ಲಿ ಕೀವಿನ ಚೀಲ ಕಟ್ಟುತ್ತದೆ. ಕ್ಯಾನ್ಸರ್ ಡಿಸ್ಕನ್ನು ಬಿಟ್ಟು ಮಣಿಯ ಒಡಲನ್ನೂ ಹಿಂಬದಿಯ ಕಂಬಗಳನ್ನೂ ಹಿಡಿಯುತ್ತದೆ. ಈ ವ್ಯತ್ಯಾಸ ಎಲ್ಲ ಸಲವೂ ನಿಚ್ಚಳವಾಗಿರುವುದಿಲ್ಲ. ಬಯಾಪ್ಸಿ ಇಲ್ಲದೆ ಕ್ಷಯದ ಮಾತ್ರೆ ಶುರುಮಾಡಿ ‘ನೋಡೋಣ’ ಎಂದರೆ ಕ್ಯಾನ್ಸರ್ ರೋಗಿಯ ಅಮೂಲ್ಯ ವಾರಗಳು ಹೋಗುತ್ತವೆ; ಕ್ಷಯವನ್ನು ಕ್ಯಾನ್ಸರ್ ಎಂದು ತಿಳಿದು ವಿಕಿರಣ ಕೊಟ್ಟರೆ ಗುಣವಾಗಬಲ್ಲ ರೋಗವೊಂದು ಕೆಡುತ್ತದೆ.

ಕರ್ನಾಟಕದ ಮಟ್ಟಿಗೆ ಫ್ಲೋರೋಸಿಸ್ ಅನ್ನೂ ಸೇರಿಸಬೇಕು. ಕೋಲಾರ, ತುಮಕೂರು, ಚಿತ್ರದುರ್ಗ, ಕೊಪ್ಪಳ, ರಾಯಚೂರಿನಂಥ ಜಿಲ್ಲೆಗಳ ಹಲವೆಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ವರ್ಷಗಟ್ಟಲೆ ಅದನ್ನು ಕುಡಿದವರ ಬೆನ್ನೆಲುಬು ಎಕ್ಸ್‌ರೇಯಲ್ಲಿ ಬೆಳ್ಳಗೆ ಗಟ್ಟಿಯಾಗಿ, ಪ್ರಾಸ್ಟೇಟ್ ಕ್ಯಾನ್ಸರ್ ಹರಡಿದಂತೆಯೇ ಕಾಣಬಹುದು. ಅಸ್ಥಿರಜ್ಜುಗಳು ಮೂಳೆಗಟ್ಟಿ ಹುರಿಯನ್ನು ನಿಜಕ್ಕೂ ಅದುಮಲೂಬಹುದು. ಪಿ.ಎಸ್.ಎ. ಎಂಬ ರಕ್ತಪರೀಕ್ಷೆಯೂ ರೋಗಿಯ ಊರಿನ ಹೆಸರೂ ಇಲ್ಲಿ ಸಮಾನವಾಗಿ ನೆರವಾಗುತ್ತವೆ.

ಮೊದಲ ದಿನ

ಒತ್ತಡವೆಂಬ ಅನುಮಾನ ಗಟ್ಟಿಯಾದೊಡನೆ, ನರಬಲ ಕುಗ್ಗಿದ್ದರೆ, ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಕೊಡುತ್ತಾರೆ. ಅದು ಹುರಿಯ ಬಾವನ್ನು ಇಳಿಸಿ, ಮುಂದಿನ ಚಿಕಿತ್ಸೆಗೆ ಸಮಯ ದೊರಕಿಸುತ್ತದೆ. ಡೆನ್ಮಾರ್ಕ್‌ನಲ್ಲಿ 57 ರೋಗಿಗಳ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವಿಕಿರಣದ ಜೊತೆ ಸ್ಟೆರಾಯ್ಡ್ ಪಡೆದವರಲ್ಲಿ ಶೇ. 81 ಮಂದಿ ಚಿಕಿತ್ಸೆಯ ಕೊನೆಗೆ ನಡೆಯಬಲ್ಲವರಾಗಿದ್ದರು, ಪಡೆಯದವರಲ್ಲಿ ಶೇ. 63. ಅಲ್ಲಿ ಬಳಸಿದ್ದು 96 ಮಿಲಿಗ್ರಾಂನ ಭಾರಿ ಪ್ರಮಾಣ, ಅಡ್ಡಪರಿಣಾಮಗಳೂ ಅಷ್ಟೇ ಭಾರಿ. ಅದಕ್ಕೆ ಮೊದಲೇ, 1989ರಲ್ಲಿ, ನೆದರ್ಲೆಂಡ್ಸ್‌ನವರು ಆರಂಭಿಕ ಇಂಜೆಕ್ಷನ್ 10 ಮಿಲಿಗ್ರಾಂ ಆದರೂ 100 ಆದರೂ ಫಲಿತಾಂಶದಲ್ಲಿ ಭೇದವಿಲ್ಲವೆಂದು ಕಂಡಿದ್ದರು. ಇಂದು ರೂಢಿಯಲ್ಲಿರುವುದು ದಿನಕ್ಕೆ 16 ಮಿಲಿಗ್ರಾಂ. ಚಿಕಿತ್ಸೆ ಸಾಗಿದಂತೆ ಅದನ್ನು ಬೇಗ ಇಳಿಸುತ್ತ ಹೋಗುತ್ತಾರೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಸಕ್ಕರೆ ಏರುತ್ತದೆ, ಹೊಟ್ಟೆಹುಣ್ಣು ಬರಬಹುದು, ನಿದ್ದೆ ಕೆಡುತ್ತದೆ, ಸೋಂಕು ಮುಸುಕಾಗಿ ಅಡಗುತ್ತದೆ.

ಮೂಲ ತಿಳಿಯದ ರೋಗಿಯಲ್ಲಿ ಸ್ಟೆರಾಯ್ಡ್‌ಗೆ ಇನ್ನೊಂದು ಅಪಾಯವಿದೆ. ಗಡ್ಡೆ ಲಿಂಫೋಮಾ ಆಗಿದ್ದರೆ ಅದು ಸ್ಟೆರಾಯ್ಡ್‌ಗೇ ಕರಗಿ, ಮರುದಿನ ತೆಗೆದ ಚೂರಿನಲ್ಲಿ ಸತ್ತ ಕಣಗಳಷ್ಟೇ ಸಿಕ್ಕಿ ರೋಗದ ಹೆಸರು ಕೈಗೆ ಸಿಗದೆ ಹೋಗಬಹುದು. ಕಾಲಿನ ಬಲ ಸರಿಯಿದ್ದು ಬರೀ ನೋವಿರುವ ಯುವಕನಲ್ಲಿ ಲಿಂಫೋಮಾದ ಅನುಮಾನವಿದ್ದರೆ, ಬಯಾಪ್ಸಿ ಆಗುವವರೆಗೆ ಸ್ಟೆರಾಯ್ಡ್ ತಡೆಹಿಡಿಯುವುದು ವಿವೇಕ. ಕಾಲು ಸೋಲುತ್ತಿದ್ದರೆ ಆ ವಿವೇಕಕ್ಕೆ ಜಾಗವಿಲ್ಲ, ಕೊಟ್ಟೇಬಿಡಬೇಕು.

ಮಣಿಗಳು ಅಸ್ಥಿರವಾಗಿರಬಹುದೆಂದು ತೋರಿದರೆ ರೋಗಿಯನ್ನು ಚಪ್ಪಟೆಯಾಗಿ ಮಲಗಿಸಿ, ಮಗ್ಗುಲು ಬದಲಿಸುವಾಗ ಮೈಯನ್ನು ತಿರುಚದೆ ಮರದ ದಿಮ್ಮಿ ಉರುಳಿಸಿದಂತೆ ಒಟ್ಟಿಗೆ ಹೊರಳಿಸಬೇಕು. ಮೂತ್ರ ಕಟ್ಟಿದ್ದರೆ ಕ್ಯಾತಿಟರ್ ಹಾಕಬೇಕು. ನೋವಿಗೆ ಮಾರ್ಫೀನ್ ಸೇರಿದಂತೆ ಏನು ಬೇಕೋ ಅದನ್ನು ಕೊಡಬೇಕು; ನೋವಿನಿಂದ ನರಳುವವರು ಎಂಆರ್‌ಐ ಯಂತ್ರದೊಳಗೆ ಅಲುಗದೆ ಮಲಗಲಾರರು.

ಮೂಲದ ಹುಡುಕಾಟ

ರಕ್ತಪರೀಕ್ಷೆಗಳು ಅಗ್ಗ, ಬೇಗ ಕೈಸೇರುತ್ತವೆ. ಪ್ರೋಟೀನ್ ಎಲೆಕ್ಟ್ರೋಫೋರೆಸಿಸ್ ಮತ್ತು ಲೈಟ್ ಚೈನ್ ಪರೀಕ್ಷೆ ಮೈಲೋಮಾವನ್ನು, ಪಿ.ಎಸ್.ಎ. ಪ್ರಾಸ್ಟೇಟ್ ಕ್ಯಾನ್ಸರನ್ನು, ಎ.ಎಫ್.ಪಿ. ಮತ್ತು ಬೀಟಾ ಎಚ್.ಸಿ.ಜಿ. ವೃಷಣದ ಜರ್ಮ್‌ಸೆಲ್ ಗಡ್ಡೆಗಳನ್ನು ಸೂಚಿಸಬಲ್ಲವು. ಇವೆಲ್ಲ ಚಿಕಿತ್ಸೆಗೆ ಚೆನ್ನಾಗಿ ಮಣಿಯುವ ರೋಗಗಳು. ಇವನ್ನು ತಪ್ಪಿಸಿಕೊಳ್ಳಲು ಬಿಡಬಾರದು. ವೈದ್ಯರ ಕೈಯೂ ಮುಖ್ಯ: ಸ್ತನ, ಥೈರಾಯ್ಡ್, ಕಂಕುಳು, ವೃಷಣ, ಗುದಮಾರ್ಗದ ತಪಾಸಣೆಗೆ ಹತ್ತು ನಿಮಿಷ ಸಾಕು. ಸಂಕೋಚದಿಂದ ಅದನ್ನು ಬಿಟ್ಟು ದುಬಾರಿ ಸ್ಕ್ಯಾನಿಗೆ ಓಡುವುದುಂಟು. ಆಮೇಲೆ ಎದೆ, ಹೊಟ್ಟೆ ಮತ್ತು ಶ್ರೋಣಿಯ ಸಿ.ಟಿ. ಅಥವಾ ಪೆಟ್-ಸಿ.ಟಿ. ಹೊರಗೆ ಸುಲಭವಾಗಿ ಸಿಗುವ ಒಂದು ಗಂಟು ಕಂಡರೆ ಅದರಿಂದಲೇ ಚೂರು ತೆಗೆಯಬಹುದು, ಬೆನ್ನೆಲುಬಿಗೆ ಸೂಜಿ ಹಾಕಬೇಕಿಲ್ಲ. ಬೇರೆಲ್ಲೂ ಇಲ್ಲದಿದ್ದರೆ ಸಿ.ಟಿ. ನೋಡಿಕೊಂಡು ಮಣಿಯಿಂದಲೇ ತೆಗೆಯಬೇಕು. ಮೂತ್ರಪಿಂಡ ಮತ್ತು ಥೈರಾಯ್ಡ್‌ನಿಂದ ಬಂದ ಗಡ್ಡೆಗಳು ರಕ್ತಮಯ. ಮೂಲ ಗೊತ್ತಿಲ್ಲದಾಗ ಸೂಜಿ ಹಾಕುವವರೂ ಕತ್ತಿ ಹಿಡಿಯುವವರೂ ಈ ಸಾಧ್ಯತೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಸಿದ್ಧರಾಗಬೇಕು. ರಕ್ತನಾಳಗಳ ಚಿತ್ರ ತೆಗೆದು, ಗಡ್ಡೆಗೆ ಹೋಗುವ ನಾಳಗಳನ್ನು ಶಸ್ತ್ರಚಿಕಿತ್ಸೆಗೆ ಮುನ್ನ ಮುಚ್ಚುವ ಕ್ರಮವೂ ಇದೆ.

ಸಿಕ್ಕ ಚೂರಿನ ಮೇಲೆ ಪ್ರಯೋಗಾಲಯದಲ್ಲಿ ಪ್ರತಿಕಾಯಗಳ ಬಣ್ಣ ಹಾಕಿ ನೋಡುತ್ತಾರೆ. ಟಿ.ಟಿ.ಎಫ್.-1 ಬಣ್ಣ ಹಿಡಿದರೆ ಶ್ವಾಸಕೋಶ ಅಥವಾ ಥೈರಾಯ್ಡ್ ಕಡೆ ಬೆರಳು; ಗಾಟಾ-3 ಸ್ತನ ಅಥವಾ ಮೂತ್ರಕೋಶದ ಕಡೆ; ಪ್ಯಾಕ್ಸ್-8 ಮೂತ್ರಪಿಂಡ, ಅಂಡಾಶಯ, ಥೈರಾಯ್ಡ್‌ಗಳ ಕಡೆ; ಸಿ.ಡಿ.ಎಕ್ಸ್.-2 ಕರುಳಿನ ಕಡೆ; ಸಿ.ಡಿ.-138 ಮೈಲೋಮಾದ ಕಡೆ. ಒಂದೇ ಬಣ್ಣ ನಂಬಿ ತೀರ್ಪು ಕೊಡುವಂತಿಲ್ಲ. ಇಷ್ಟೆಲ್ಲ ಆಗಿಯೂ ಹೊಂದಾಣಿಕೆ ಸಿಗದಿದ್ದಾಗ ವರದಿಯಲ್ಲಿ ‘ಹರಡಿದ ಅಡಿನೋಕಾರ್ಸಿನೋಮಾ, ಮೂಲ ತಿಳಿದಿಲ್ಲ’ ಎಂಬ ಸಾಲು ಬರುತ್ತದೆ.

ಶಸ್ತ್ರಚಿಕಿತ್ಸೆ

ಹಿಂದೆ ಇದಕ್ಕೆ ಲ್ಯಾಮಿನೆಕ್ಟಮಿ ಮಾಡುತ್ತಿದ್ದರು: ಬೆನ್ನಿನ ಹಿಂಬದಿಯಿಂದ ಮಣಿಯ ಕಮಾನನ್ನು ತೆಗೆದು ಹುರಿಗೆ ಜಾಗ ಮಾಡುವುದು. ಗಡ್ಡೆ ಇರುವುದು ಮುಂದೆ, ಬಾಗಿಲು ತೆರೆದದ್ದು ಹಿಂದೆ. ಮುಂದಿನ ಕಂಬ ಮುರಿದಿರುವಾಗ ಹಿಂದಿನ ಆಸರೆಯನ್ನೂ ಕಿತ್ತರೆ ಬೆನ್ನು ಇನ್ನಷ್ಟು ಕುಸಿಯುತ್ತದೆ. ವಿಕಿರಣದೊಂದಿಗೆ ಇದನ್ನು ಸೇರಿಸಿದರೂ ವಿಕಿರಣವೊಂದಕ್ಕಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಹೀಗಾಗಿ 1980ರ ದಶಕದಲ್ಲಿ ಶಸ್ತ್ರಚಿಕಿತ್ಸೆ ಹಿಂದೆ ಸರಿದು, ಎಲ್ಲರನ್ನೂ ವಿಕಿರಣಕ್ಕೆ ಕಳಿಸುವುದು ವಾಡಿಕೆಯಾಯಿತು.

ಅದನ್ನು ಬದಲಿಸಿದ್ದು ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ರಾಯ್ ಪ್ಯಾಚೆಲ್ ಮತ್ತು ಸಂಗಡಿಗರ ಪ್ರಯೋಗ. ಅದು 2005ರಲ್ಲಿ ‘ದಿ ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. 101 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಗಡ್ಡೆ ಇರುವ ಬದಿಯಿಂದಲೇ ಹುರಿಯ ಒತ್ತಡ ಬಿಡಿಸಿ, ಅಗತ್ಯವಿದ್ದಲ್ಲಿ ಬೆನ್ನನ್ನು ಸ್ಥಿರಗೊಳಿಸಿ, ಆಮೇಲೆ ವಿಕಿರಣ ಕೊಟ್ಟರು. ಉಳಿದವರಿಗೆ ವಿಕಿರಣ ಮಾತ್ರ. ಚಿಕಿತ್ಸೆಯ ನಂತರ ನಡೆಯಬಲ್ಲವರು ಮೊದಲ ಗುಂಪಿನಲ್ಲಿ ಶೇ. 84, ಎರಡನೆಯದರಲ್ಲಿ ಶೇ. 57. ನಡಿಗೆ ಉಳಿದ ಅವಧಿ ಕ್ರಮವಾಗಿ 122 ದಿನ ಮತ್ತು 13 ದಿನ. ಬರುವಾಗಲೇ ನಡೆಯಲಾರದಿದ್ದ ತಲಾ 16 ಮಂದಿಯಲ್ಲಿ ಶಸ್ತ್ರಚಿಕಿತ್ಸೆಯ ಗುಂಪಿನ 10 ಮಂದಿ ಮತ್ತೆ ನಡೆದರು, ವಿಕಿರಣದ ಗುಂಪಿನಲ್ಲಿ 3 ಮಂದಿ. ವ್ಯತ್ಯಾಸ ಎಷ್ಟು ದೊಡ್ಡದಾಗಿತ್ತೆಂದರೆ ಪ್ರಯೋಗವನ್ನು ನಡುವೆಯೇ ನಿಲ್ಲಿಸಲಾಯಿತು. ಟೀಕೆಗಳೂ ಇವೆ. ಒಂದೇ ಕಡೆ ಒತ್ತಡವಿರುವ, ಕನಿಷ್ಠ ಮೂರು ತಿಂಗಳು ಬದುಕುವ ನಿರೀಕ್ಷೆಯಿರುವ ಆಯ್ದ ರೋಗಿಗಳಷ್ಟೇ ಅದರಲ್ಲಿದ್ದರು. ವಿಕಿರಣಕ್ಕೆ ಸುಲಭವಾಗಿ ಕರಗುವ ಲಿಂಫೋಮಾ, ಮೈಲೋಮಾಗಳನ್ನು ಹೊರಗಿಡಲಾಗಿತ್ತು.

ಆ ಕೊನೆಯ ನಿಯಮವೇ ನಮ್ಮ ವಿಷಯದ ಗಂಟು. ಗಡ್ಡೆ ಯಾವುದೆಂದು ಗೊತ್ತಿದ್ದರೆ ‘ಇದು ವಿಕಿರಣಕ್ಕೆ ಕರಗುತ್ತದೆ, ಕತ್ತಿ ಬೇಡ’ ಎನ್ನಬಹುದು. ಗೊತ್ತಿಲ್ಲದಿದ್ದರೆ? ಹುರಿ ಬಿಗಿಯಾಗಿ ಅದುಮಿದೆ, ಬಲ ಇಳಿಯುತ್ತಿದೆ, ಚೂರು ಸಿಕ್ಕಿಲ್ಲ ಎಂಬಂಥ ರೋಗಿ ಅರಿವಳಿಕೆ ತಡೆಯುವಷ್ಟು ಗಟ್ಟಿಯಿದ್ದರೆ ಶಸ್ತ್ರಚಿಕಿತ್ಸೆಯ ಪಕ್ಷ ಬಲವಾಗುತ್ತದೆ. ಒತ್ತಡ ಬಿಡಿಸುವುದು, ಬೆನ್ನಿಗೆ ಆಸರೆ ಕೊಡುವುದು, ರೋಗದ ಹೆಸರಿಗೆ ಬೇಕಾದಷ್ಟು ಊತಕ ಪಡೆಯುವುದು ಮೂರೂ ಒಂದೇ ಕೋಣೆಯಲ್ಲಿ ಆಗುತ್ತವೆ. ಮೂಲ ತಿಳಿಯದಿರುವುದನ್ನೇ ಶಸ್ತ್ರಚಿಕಿತ್ಸೆಗೆ ಒಂದು ಕಾರಣವಾಗಿ ಪಠ್ಯಗಳು ಮೊದಲಿನಿಂದಲೂ ಎಣಿಸುತ್ತ ಬಂದಿರುವುದು ಇದಕ್ಕೇ.

ಯಾರಿಗೆ ಶಸ್ತ್ರಚಿಕಿತ್ಸೆ ಎಂಬುದನ್ನು ಅಳೆಯಲು ಕೆಲವು ಅಂಕಪಟ್ಟಿಗಳಿವೆ. 2010ರ ‘ಸಿನ್ಸ್’ ಪಟ್ಟಿ ಬೆನ್ನಿನ ಸ್ಥಿರತೆಯನ್ನು 18 ಅಂಕಗಳಲ್ಲಿ ಅಳೆಯುತ್ತದೆ: 6ರವರೆಗೆ ಸ್ಥಿರ, 13 ಮತ್ತು ಅದಕ್ಕಿಂತ ಹೆಚ್ಚಾದರೆ ಅಸ್ಥಿರ, ನಡುವಿನದು ಅನುಮಾನ. ಅಸ್ಥಿರವಾದ ಬೆನ್ನನ್ನು ವಿಕಿರಣ ನೆಟ್ಟಗೆ ಮಾಡಲಾರದು. ಜಪಾನಿನ ಟೊಕುಹಾಶಿ ಅಂಕಪಟ್ಟಿ ಬದುಕುಳಿಯುವ ಅವಧಿಯನ್ನು ಅಂದಾಜಿಸುತ್ತದೆ. ಅದರ 2005ರ ಪರಿಷ್ಕೃತ ರೂಪದಲ್ಲಿ ಸ್ತನ ಮತ್ತು ಪ್ರಾಸ್ಟೇಟ್‌ಗೆ 5 ಅಂಕ, ಮೂಲ ಪತ್ತೆಯಾಗದ ಕ್ಯಾನ್ಸರ್‌ಗೆ ಯಕೃತ್ತಿನ ಸಾಲಿನಲ್ಲಿ ಬರೀ 1. ಈ ಅಂಕವನ್ನು ಕಣ್ಣುಮುಚ್ಚಿ ನಂಬಬಾರದು. ‘ಇನ್ನೂ ಪತ್ತೆಯಾಗಿಲ್ಲ’ ಎಂಬುದೂ ‘ಹುಡುಕಿ ಪತ್ತೆಯಾಗಲಿಲ್ಲ’ ಎಂಬುದೂ ಒಂದೇ ಅಲ್ಲ. ಮೊದಲ ದಿನ 1 ಅಂಕ ಪಡೆದವರು ವಾರದ ಮೇಲೆ ಮೈಲೋಮಾದವರೆಂದು ತಿಳಿದರೆ ಲೆಕ್ಕವೇ ಬೇರೆ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕೇಂದ್ರದವರ ‘ನಾಮ್ಸ್’ ಕ್ರಮ ಅಂಕ ಕೂಡಿಸುವುದಿಲ್ಲ. ನರಗಳ ಸ್ಥಿತಿ, ಗಡ್ಡೆಯ ಸ್ವಭಾವ, ಬೆನ್ನಿನ ಸ್ಥಿರತೆ, ರೋಗಿಯ ಒಟ್ಟು ಆರೋಗ್ಯ ಎಂಬ ನಾಲ್ಕನ್ನು ಬಿಡಿಬಿಡಿಯಾಗಿ ಕೇಳುತ್ತದೆ. ಮೂಲ ತಿಳಿಯದವರಿಗೆ ಇದೇ ಹೆಚ್ಚು ಒಗ್ಗುತ್ತದೆ.

ವಿಕಿರಣ

ಆಸ್ಪತ್ರೆಯ ಪಡಸಾಲೆಗಳಲ್ಲಿ ‘ಕರೆಂಟ್ ಇಡಿಸುವುದು’ ಎಂದು ಜನ ಹೇಳುವ ವಿಕಿರಣವೇ ಇಂದಿಗೂ ಬಹುಪಾಲು ರೋಗಿಗಳ ಮುಖ್ಯ ಚಿಕಿತ್ಸೆ. ಹಲವು ಕಡೆ ಒತ್ತಡ ಇರುವವರು, ಶಸ್ತ್ರಚಿಕಿತ್ಸೆ ತಡೆಯಲಾರದವರು, ಎರಡು ದಿನಕ್ಕೂ ಹೆಚ್ಚು ಹೊತ್ತಿನಿಂದ ಕಾಲಿನ ಬಲ ಪೂರ್ತಿ ಹೋದವರು ಇದಕ್ಕೇ ಬರುತ್ತಾರೆ. 10 ದಿನಗಳಲ್ಲಿ 30 ಗ್ರೇ (ಗ್ರೇ ಎಂಬುದು ವಿಕಿರಣದ ಅಳತೆ), 5 ದಿನಗಳಲ್ಲಿ 20 ಗ್ರೇ, ಒಂದೇ ಸಲಕ್ಕೆ 8 ಗ್ರೇ ಎಂಬ ಮೂರು ಕ್ರಮಗಳು ಬಳಕೆಯಲ್ಲಿವೆ. ಬ್ರಿಟನ್ ಮತ್ತು ಆಸ್ಟ್ರೇಲಿಯಾದ 686 ರೋಗಿಗಳನ್ನು ಒಳಗೊಂಡ, 2019ರಲ್ಲಿ ಪ್ರಕಟವಾದ ಸ್ಕೋರಾಡ್ ಪ್ರಯೋಗದಲ್ಲಿ ಎಂಟು ವಾರಗಳ ಬಳಿಕ ನಡೆಯಬಲ್ಲವರು ಒಂದೇ ಸಲ ಪಡೆದವರಲ್ಲಿ ಶೇ. 69.3, ಐದು ದಿನ ಪಡೆದವರಲ್ಲಿ ಶೇ. 72.7. ಸಂಖ್ಯಾಶಾಸ್ತ್ರದ ಕಟ್ಟುನಿಟ್ಟಿನಲ್ಲಿ ಎರಡೂ ಸಮವೆಂದು ಸಾಬೀತಾಗಲಿಲ್ಲ, ಆದರೆ ಅಂತರ ಚಿಕ್ಕದು. ಕೆಲವೇ ತಿಂಗಳ ಆಯುಸ್ಸು ಉಳಿದಿರುವ, ದೂರದೂರಿನಿಂದ ಬಂದ ರೋಗಿಗೆ ಒಂದೇ ದಿನದಲ್ಲಿ ಮುಗಿಯುವ ಚಿಕಿತ್ಸೆ ದೊಡ್ಡ ಉಪಕಾರ. ಬೀದರ್‌ನಿಂದಲೋ ಯಾದಗಿರಿಯಿಂದಲೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಬಂದವರಿಗೆ ಹತ್ತು ದಿನದ ವಾಸ್ತವ್ಯದ ಖರ್ಚೂ ಚಿಕಿತ್ಸೆಯ ಲೆಕ್ಕದಲ್ಲೇ ಸೇರುತ್ತದೆ. ಹೆಚ್ಚು ಕಾಲ ಬದುಕುವ ಲಕ್ಷಣವಿರುವವರಿಗೆ ಮಾತ್ರ ದೀರ್ಘ ಕ್ರಮ ಮೇಲು. ಅದೇ ಜಾಗದಲ್ಲಿ ಗಡ್ಡೆ ಮರುಕಳಿಸುವುದನ್ನು ಅದು ಚೆನ್ನಾಗಿ ತಡೆಯುತ್ತದೆ.

ಹುರಿಗೂ ಗಡ್ಡೆಗೂ ನಡುವೆ ಶಸ್ತ್ರಚಿಕಿತ್ಸೆಯಿಂದ ಒಂದೆರಡು ಮಿಲಿಮೀಟರ್ ಅಂತರವನ್ನಷ್ಟೇ ಮಾಡಿ, ಉಳಿದ ಗಡ್ಡೆಯನ್ನು ಗುರಿಯಿಟ್ಟ ಭಾರಿ ಪ್ರಮಾಣದ ಸ್ಟೀರಿಯೋಟ್ಯಾಕ್ಟಿಕ್ ವಿಕಿರಣಕ್ಕೆ ಬಿಡುವುದು ಈಚಿನ ಬೆಳವಣಿಗೆ. ಶಸ್ತ್ರಚಿಕಿತ್ಸೆ ಇದರಿಂದ ಕಿರಿದಾಗಿದೆ.

ಔಷಧಗಳು

ಹುರಿ ಪಾರಾದ ಮೇಲೆ ಉಳಿಯುವುದು ಮೈಯೆಲ್ಲ ಹರಡಿದ ರೋಗ. ಮೂಲ ಪತ್ತೆಯಾಗದವರಲ್ಲೂ ಶೇ. 15ರಿಂದ 20ರಷ್ಟು ಮಂದಿ ‘ಅನುಕೂಲ’ ಗುಂಪುಗಳಿಗೆ ಸೇರುತ್ತಾರೆ. ಮೂಳೆಗಳು ಬೆಳ್ಳಗೆ ಗಟ್ಟಿಯಾಗಿ ಪಿ.ಎಸ್.ಎ. ಏರಿರುವ ಪುರುಷರನ್ನು ಪ್ರಾಸ್ಟೇಟ್ ರೋಗಿಗಳಂತೆ ನೋಡಿ ಹಾರ್ಮೋನ್ ಚಿಕಿತ್ಸೆ ಕೊಡುತ್ತಾರೆ. ಕಂಕುಳ ಗಂಟಷ್ಟೇ ಇರುವ ಮಹಿಳೆಯರನ್ನು ಸ್ತನ ಕ್ಯಾನ್ಸರ್‌ನವರಂತೆ. ಕರುಳಿನ ಬಣ್ಣಗಳನ್ನು ಹಿಡಿದ ಗಡ್ಡೆಗೆ ಕರುಳಿನ ಔಷಧ. ಉಳಿದವರಿಗೆ ಕಾರ್ಬೋಪ್ಲಾಟಿನ್ ಜೊತೆ ಪ್ಯಾಕ್ಲಿಟ್ಯಾಕ್ಸೆಲ್, ಇಲ್ಲವೇ ಸಿಸ್ಪ್ಲಾಟಿನ್ ಜೊತೆ ಜೆಮ್ಸಿಟಾಬಿನ್. ಈ ದೊಡ್ಡ ಗುಂಪಿನವರ ಬದುಕುಳಿಯುವ ಅವಧಿ ಬಹುಪಾಲು ಒಂದು ವರ್ಷದೊಳಗೇ ಇರುತ್ತದೆ.

ಗಡ್ಡೆಯ ವಂಶವಾಹಿಗಳನ್ನು ಓದಿ ಔಷಧ ಆರಿಸುವ ಹಾದಿಯ ಮೇಲೆ ಭರವಸೆ ದೊಡ್ಡದಿತ್ತು. 2024ರಲ್ಲಿ ಪ್ರಕಟವಾದ ಕ್ಯುಪಿಸ್ಕೋ ಪ್ರಯೋಗದಲ್ಲಿ ರೋಗ ಉಲ್ಬಣಿಸದೆ ಇದ್ದ ಅವಧಿ ಹೀಗೆ ಆರಿಸಿದವರಲ್ಲಿ 6.1 ತಿಂಗಳು, ಎಂದಿನ ಕಿಮೋಥೆರಪಿಯಲ್ಲಿ 4.4 ತಿಂಗಳು. ಲಾಭ ನಿಜ, ಪವಾಡವಲ್ಲ. ಅಂಗ ಯಾವುದೇ ಇರಲಿ, ಒಂದು ನಿರ್ದಿಷ್ಟ ದೋಷವಿದ್ದರೆ ಕೆಲಸ ಮಾಡುವ ಔಷಧಗಳು ಮಾತ್ರ ಈ ರೋಗಿಗಳಿಗೆ ಹೇಳಿಮಾಡಿಸಿದಂತಿವೆ. ಎಂ.ಎಸ್.ಐ. ಎಂಬ ವಂಶವಾಹಿ ದೋಷವಿರುವ ಗಡ್ಡೆಗಳಿಗೆ ಪೆಂಬ್ರೊಲಿಜುಮಾಬ್‌ಗೆ ಅಮೆರಿಕದಲ್ಲಿ 2017ರಲ್ಲೂ, ಎನ್.ಟಿ.ಆರ್.ಕೆ. ದೋಷವಿರುವವಕ್ಕೆ ಲರೋಟ್ರೆಕ್ಟಿನಿಬ್‌ಗೆ 2018ರಲ್ಲೂ ಒಪ್ಪಿಗೆ ಸಿಕ್ಕಿತು. ಬೆಲೆ ನಮ್ಮ ಮಧ್ಯಮ ವರ್ಗಕ್ಕೂ ಎಟುಕುವಂಥದ್ದಲ್ಲ. ಮೂಳೆ ಮುರಿತ ತಡೆಯಲು ಜೋಲೆಡ್ರೋನಿಕ್ ಆಮ್ಲ ಅಥವಾ ಡೆನೊಸುಮಾಬ್ ಕೊಡುತ್ತಾರೆ. ಅದಕ್ಕೆ ಮೊದಲು ಹಲ್ಲಿನ ತಪಾಸಣೆ ಆಗಬೇಕು, ಏಕೆಂದರೆ ಈ ಔಷಧ ಪಡೆಯುತ್ತಿರುವವರ ಹಲ್ಲು ಕಿತ್ತರೆ ದವಡೆಯ ಮೂಳೆ ಕೊಳೆಯುವ ಅಪಾಯವಿದೆ.

ಫಲ ಮತ್ತು ಆರೈಕೆ

ಚಿಕಿತ್ಸೆಯ ಬಳಿಕ ನಡೆಯುತ್ತಾರೋ ಇಲ್ಲವೋ ಎಂಬುದನ್ನು ಅತಿ ಹೆಚ್ಚು ನಿರ್ಧರಿಸುವುದು ಬರುವಾಗ ನಡೆಯುತ್ತಿದ್ದರೋ ಇಲ್ಲವೋ ಎಂಬುದು. ನಡೆದು ಬಂದವರಲ್ಲಿ ಹೆಚ್ಚಿನವರು ನಡೆಯುತ್ತಲೇ ಉಳಿಯುತ್ತಾರೆ. ಪೂರ್ತಿ ಲಕ್ವವಾಗಿ ಬಂದವರಲ್ಲಿ ಬರೀ ವಿಕಿರಣದಿಂದ ಮರಳಿ ನಡೆಯುವವರು ಹತ್ತರಲ್ಲಿ ಒಬ್ಬರೂ ಸಿಗುವುದು ಕಷ್ಟ. ಬದುಕಿನ ಉದ್ದವೂ ನಡಿಗೆಗೆ ಅಂಟಿಕೊಂಡಿದೆ, ಏಕೆಂದರೆ ಹಾಸಿಗೆ ಹಿಡಿದವರನ್ನು ಕ್ಯಾನ್ಸರ್‌ಗಿಂತ ಮೊದಲು ಕಾಲಿನ ರಕ್ತನಾಳದ ಹೆಪ್ಪು, ಹಾಸಿಗೆ ಹುಣ್ಣು, ಮೂತ್ರದ ಸೋಂಕು, ನ್ಯುಮೋನಿಯಾ ಹಿಡಿಯುತ್ತವೆ. ಹಾಗಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಕ್ಯಾತಿಟರ್ ಶುಚಿ, ಮಲಬದ್ಧತೆಗೆ ದಿನವೂ ಔಷಧ, ಫಿಸಿಯೋಥೆರಪಿ ಇವನ್ನು ಉಪಚಾರವೆಂದು ಬದಿಗಿಡದೆ ಚಿಕಿತ್ಸೆಯ ಅಂಗವಾಗಿಯೇ ಕಾಣಬೇಕು. ಮನೆಯವರಿಗೆ ಇದನ್ನು ಕಲಿಸದೆ ಡಿಸ್ಚಾರ್ಜ್ ಮಾಡುವುದು ಅರ್ಧ ಕೆಲಸ.

ನೋವಿಗೆ ಮಾರ್ಫೀನ್ ಸಿಗುವುದು ಭಾರತದಲ್ಲಿ ಬಹುಕಾಲ ದುಸ್ತರವಾಗಿತ್ತು. ಮಾದಕವಸ್ತು ಕಾಯ್ದೆಗೆ 2014ರಲ್ಲಿ ತಿದ್ದುಪಡಿ ತಂದು ವೈದ್ಯಕೀಯ ಬಳಕೆಯ ಪರವಾನಗಿಯನ್ನು ಸರಳಗೊಳಿಸಲಾಯಿತು. ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಬೆಂಗಳೂರಿನ ಕರುಣಾಶ್ರಯ ಉಚಿತವಾಗಿ ನೋಡಿಕೊಳ್ಳುತ್ತದೆ. ಉಪಶಮನ ಆರೈಕೆಯನ್ನು ಕೊನೆಯ ವಾರಕ್ಕೆ ಮೀಸಲಿಡದೆ ವಿಕಿರಣದ ಜೊತೆಯಲ್ಲೇ ಆರಂಭಿಸುವುದು ಒಳ್ಳೆಯದು.

ರೋಗಿಯ ಮನೆಯವರು ಗಮನಿಸಬೇಕಾದ ಒಂದು ಸಂಗತಿಯಿದೆ. ಬಯಾಪ್ಸಿಯ ಚೂರನ್ನು ಮೇಣದಲ್ಲಿ ಹುದುಗಿಸಿ ‘ಪ್ಯಾರಾಫಿನ್ ಬ್ಲಾಕ್’ ಆಗಿ ಪ್ರಯೋಗಾಲಯದಲ್ಲಿ ಇಟ್ಟಿರುತ್ತಾರೆ. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುವಾಗ ವರದಿಯ ಹಾಳೆಯೊಂದನ್ನೇ ಒಯ್ಯಬೇಡಿ. ಬ್ಲಾಕ್ ಮತ್ತು ಸ್ಲೈಡುಗಳನ್ನೂ, ಎಂಆರ್‌ಐ ಚಿತ್ರಗಳ ಸಿ.ಡಿ.ಯನ್ನೂ ಕೇಳಿ ಪಡೆಯಿರಿ. ಮೊದಲ ಸಲ ಸಿಗದ ಮೂಲ ಎರಡನೆಯ ಪ್ರಯೋಗಾಲಯದಲ್ಲಿ ಅದೇ ಚೂರಿನಿಂದ ಸಿಗಬಹುದು, ಬೆನ್ನಿಗೆ ಮತ್ತೊಮ್ಮೆ ಸೂಜಿ ಹಾಕುವುದು ತಪ್ಪಬಹುದು.